ಲಾಜಿಸ್ಟಿಕ್ಸ್ ವಿಭಾಗ ಯಾರ ಕೆಳಗಿರಬೇಕು?

ಪ್ರಶ್ನೆ: ನಮ್ಮದು ಯಂತ್ರದ ಬಿಡಿಭಾಗ ಮಾಡುವ ಕಂಪನಿ. ಬರುವ ಕಚ್ಚಾ ಮಾಲನ್ನು ಪರ್ಚೇಸ್‌ನವರು ನೋಡುತ್ತಾರೆ, ಗೋಡೌನ್ ಪ್ರೊಡಕ್ಷನ್ ಕೆಳಗಿದೆ, ಡಿಸ್ಪ್ಯಾಚ್ ಸೇಲ್ಸ್ ಕೈಯಲ್ಲಿ. ಮಾಲು ತಡವಾದರೆ ಮೂವರೂ ಒಬ್ಬರತ್ತ ಒಬ್ಬರು ಬೆರಳು ತೋರಿಸುತ್ತಾರೆ. ಈ ಮೂರೂ ಕೆಲಸ ಸೇರಿಸಿ ಒಂದೇ ಲಾಜಿಸ್ಟಿಕ್ಸ್ ವಿಭಾಗ ಮಾಡಿದರೆ ಸರಿಹೋಗುತ್ತಾ ಸರ್?

ಉತ್ತರ: ಸೇರಿಸಿ, ಒಳ್ಳೆಯದೇ. ಆದರೆ ಯಾರ ಕೆಳಗೆ ಯಾರು ಅನ್ನುವ ಚಾರ್ಟ್ ಬರೆಯುವ ಮುಂಚೆ ಹೋದ ತಿಂಗಳ ಲಾರಿ ಬಾಡಿಗೆ ಬಿಲ್‌ಗಳನ್ನು ಮೇಜಿನ ಮೇಲೆ ಹರಡಿಕೊಳ್ಳಿ. ಅರ್ಜೆಂಟ್ ಅಂತ ಕಳಿಸಿದವನ್ನು ಬೇರೆ ತೆಗೆದು, ಆ ಅರ್ಜೆಂಟ್ ಎಲ್ಲಿ ಹುಟ್ಟಿತು ಅಂತ ಪ್ರತಿ ಬಿಲ್ ಮೇಲೂ ಬರೆಯಿರಿ. ನಾನು ಒಂದು ಕಡೆ ಹೀಗೆ ನೋಡಿದಾಗ, ತಿಂಗಳ ಕೊನೆಯ ಟಾರ್ಗೆಟ್ ಮುಟ್ಟೋಕೆ ಸೇಲ್ಸ್‌ನವರು ಅರ್ಧ ಖಾಲಿ ಲಾರಿ ಓಡಿಸಿದ್ದರು. ಬಾಡಿಗೆ ಮಾತ್ರ ಗೋಡೌನ್ ಲೆಕ್ಕಕ್ಕೆ ಬೀಳುತ್ತಿತ್ತು. ಹೇಳುವವರು ಒಬ್ಬರು, ತೆರುವವರು ಇನ್ನೊಬ್ಬರು. ಇದನ್ನು ಹಾಗೇ ಬಿಟ್ಟು ವಿಭಾಗ ಸೇರಿಸಿದರೆ ಸುಮ್ನೆ ಬೋರ್ಡ್ ಬದಲಾಗುತ್ತದೆ ಅಷ್ಟೆ. ಅರ್ಜೆಂಟ್ ಲಾರಿಯ ಬಾಡಿಗೆ, ಆ ಲಾರಿ ಕೇಳಿದ ವಿಭಾಗದ ಬಜೆಟ್‌ಗೇ ಹೋಗಲಿ.

ಆಮೇಲೆ ಒಬ್ಬ ಲಾಜಿಸ್ಟಿಕ್ಸ್ ಮ್ಯಾನೇಜರ್, ಅವರ ಕೆಳಗೆ ಬರುವ ಮಾಲು, ಗೋಡೌನ್, ಸಾಗಣೆ. ಅವರು ಆಪರೇಷನ್ಸ್ ಮುಖ್ಯಸ್ಥರಿಗೆ ವರದಿ ಮಾಡಲಿ. ಸೇಲ್ಸ್ ಕೆಳಗಿಟ್ಟರೆ ಎಲ್ಲವೂ ಅರ್ಜೆಂಟ್ ಆಗುತ್ತದೆ. ಫೈನಾನ್ಸ್ ಕೆಳಗಿಟ್ಟರೆ ಲಾರಿ ತುಂಬುವ ತನಕ ಮಾಲು ಹೊರಡುವುದೇ ಇಲ್ಲ! ಇನ್ನು, ಸ್ಟಾಕ್ ಎಣಿಸುವವರು ಗೋಡೌನ್ ಮ್ಯಾನೇಜರ್ ಕೈಕೆಳಗೆ ಬೇಡ. ಎತ್ತಿಡುವವರೇ ಎಣಿಸಿದರೆ ಲೆಕ್ಕ ಯಾವಾಗಲೂ ಸರಿಯಾಗೇ ಇರುತ್ತದೆ, ಅಲ್ವಾ?

ಇನ್ನೊಬ್ಬರ ಪ್ರಶ್ನೆ: ನಮಗೆ ನಾಲ್ಕು ಪ್ಲಾಂಟ್ ಇವೆ. ಎಲ್ಲವನ್ನೂ ಹೆಡ್ ಆಫೀಸಿನಿಂದಲೇ ನಡೆಸಬಹುದಾ? ಇಲ್ಲ, ಪೂರ್ತಿ ಹೊರಗಿನವರಿಗೆ ಕೊಟ್ಟುಬಿಡೋದಾ?

ಉತ್ತರ: ರೇಟು, ಕಾಂಟ್ರಾಕ್ಟ್ ಹೆಡ್ ಆಫೀಸಿನಲ್ಲಿರಲಿ. ನಾಲ್ಕೂ ಪ್ಲಾಂಟಿನ ಲೋಡ್ ಒಟ್ಟಿಗೆ ತೋರಿಸಿದರೆ ಟ್ರಾನ್ಸ್‌ಪೋರ್ಟ್‌ನವರು ರೇಟು ಇಳಿಸುತ್ತಾರೆ. ಆದರೆ ಗೇಟಿನಲ್ಲಿ ನಿಂತ ಮೂರು ಲಾರಿಗಳಲ್ಲಿ ಯಾವುದಕ್ಕೆ ಮೊದಲು ಮಾಲು ತುಂಬಬೇಕು ಅಂತ ಹೆಡ್ ಆಫೀಸಿಗೆ ಫೋನ್ ಮಾಡುವ ಗತಿ ಬರಬಾರದು. ಅದು ಪ್ಲಾಂಟಿನವರಿಗೇ ಬಿಡಿ.

ಲಾರಿ ಓಡಿಸೋದನ್ನು, ಗೋಡೌನ್ ನಡೆಸೋದನ್ನು ಹೊರಗಿನವರಿಗೆ ಕೊಡಿ. ಪ್ಲಾನಿಂಗ್ ಮಾಡುವವರನ್ನೂ ಬಿಲ್ ನೋಡುವವರನ್ನೂ ಮಾತ್ರ ನಿಮ್ಮಲ್ಲೇ ಉಳಿಸಿಕೊಳ್ಳಿ. ಲಾರಿ ಕಾದಿದ್ದಕ್ಕೆ ವೇಟಿಂಗ್ ಚಾರ್ಜ್ ಅಂತ ಬಿಲ್ ಬರುತ್ತದೆ. ಲಾರಿ ಒಳಗೆ ಬಂದಿದ್ದು ಎಷ್ಟು ಗಂಟೆಗೆ, ಹೊರಟಿದ್ದು ಎಷ್ಟು ಗಂಟೆಗೆ ಅಂತ ನಿಮ್ಮ ಗೇಟ್ ರಿಜಿಸ್ಟರ್‌ನಲ್ಲಿ ಇಲ್ಲದಿದ್ದರೆ, ಅವರು ಬರೆದ ಗಂಟೆಗೇ ದುಡ್ಡು ಕೊಡಬೇಕಾಗುತ್ತದೆ.