ಪುಷ್ಯ ಮಳೆಯಲ್ಲಿ 32 ಕಿ.ಮೀ.: ಮುಗಿಸಬೇಕೇ, ಬಿಡಬೇಕೇ? ಅನುಭವ ತಿಳಿಸಿ

ವಿದ್ಯಾನಗರ, ದಾವಣಗೆರೆ: ನನ್ನ ಮೊದಲ ಪೂರ್ಣ ಮ್ಯಾರಥಾನ್‌ಗೆ ಇನ್ನು ನಾಲ್ಕು ವಾರ. ಈ ಭಾನುವಾರ 32 ಕಿ.ಮೀ. ಓಡಬೇಕು, ಅದೇ ಕೊನೆಯ ದೊಡ್ಡ ಓಟ. ಮಳೆ ಹಿಡಿದು ಐದು ದಿನವಾಯಿತು, ಬಿಡುವ ಲಕ್ಷಣವಿಲ್ಲ. ಹೋದ ವಾರ ಕುಂದುವಾಡ ಕೆರೆ ಏರಿಯ ಮೇಲೆ 19ಕ್ಕೇ ನಿಲ್ಲಿಸಿ ಮನೆಗೆ ಬಂದೆ. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ವಯಸ್ಸು 41, ಎಡ ಮೊಣಕಾಲು ಆಗಾಗ ನೋಯುತ್ತದೆ. ಹೀಗೆ ಸಿಕ್ಕಿಕೊಂಡವರು ಏನು ಮಾಡಿದಿರಿ?

ಚಿತ್ರದುರ್ಗ: ನಾನು ಮುಗಿಸಿದೆ. ಎರಡು ವರ್ಷದ ಹಿಂದೆ ಹೊಸಪೇಟೆ ರಸ್ತೆಯಲ್ಲಿ 16 ಹೋಗಿ 16 ಮರಳಿದೆ. ನಮ್ಮೂರಿನ ಆಷಾಢದ ಗಾಳಿ ಎಂಥದ್ದೆಂದು ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ನೋಡಿದವರಿಗೆ ಹೇಳಬೇಕಿಲ್ಲ. ಗಾಳಿಗೆ ಎದುರಾಗಿ ಹೊರಟು ಬೆನ್ನಿಗೆ ಗಾಳಿ ಇಟ್ಟುಕೊಂಡು ಮರಳಬೇಕೆಂಬುದು ಗೊತ್ತಿದ್ದೂ ತಿರುವುಮುರುವು ಮಾಡಿದೆ. ಹೋಗುವಾಗ ಕಿಲೋಮೀಟರಿಗೆ 6 ನಿಮಿಷ 20 ಸೆಕೆಂಡ್, ಬರುವಾಗ 7:50. 26ರಲ್ಲಿ ಬೆರಳು ಮರಗಟ್ಟಿ ಓಆರ್‌ಎಸ್ ಪೊಟ್ಟಣ ಹರಿಯಲಾಗಲಿಲ್ಲ. ಹಲ್ಲಿನಿಂದ ಕಚ್ಚಿದೆ, ಅರ್ಧ ಪುಡಿ ಗಡ್ಡಕ್ಕೆ ಮೆತ್ತಿತು, ಅದನ್ನೇ ನೆಕ್ಕಿದೆ. ಎರಡು ಕಾಲುಗುರು ಕಪ್ಪಾಗಿ ಬಿದ್ದವು. 6,800 ರೂಪಾಯಿಯ ಬೂಟಿನ ಅಂಟು ಬಿಟ್ಟಿತು, ನೀರು ಹೊಕ್ಕ ಮೊಬೈಲ್‌ಗೆ 3,200 ಹೋಯಿತು. ಆದರೆ ಸ್ಪರ್ಧೆಯ ದಿನ 35ರ ನಂತರ ಎಲ್ಲರೂ ನಡೆಯುತ್ತಿದ್ದಾಗ ನಾನು ಓಡುತ್ತಿದ್ದೆ. ಆ ಭಾನುವಾರ ಕೊಟ್ಟ ಧೈರ್ಯ ಅದು. 2018ರ ಬಾಸ್ಟನ್ ಮ್ಯಾರಥಾನ್ ನೋಡಿ: ಕೊರೆಯುವ ಮಳೆ, ಎದುರು ಗಾಳಿ. ಗೆದ್ದದ್ದು ಜಪಾನಿನ ಯೂಕಿ ಕವಾವುಚಿ, 2 ಗಂಟೆ 15 ನಿಮಿಷ 58 ಸೆಕೆಂಡಿನಲ್ಲಿ.

ಹರಿಹರ: ಇಂಥ ಮಾತು ಕೇಳಿಯೇ ನಾನು ಕೆಟ್ಟೆ. ನಾಟಿಯ ಕಾಲ, ಗದ್ದೆಯಿಂದ ಹತ್ತಿದ ಟ್ರ್ಯಾಕ್ಟರ್‌ಗಳು ರಸ್ತೆಯುದ್ದಕ್ಕೂ ಕೆಸರು ಉದುರಿಸಿದ್ದವು. 27ರಲ್ಲಿ ಜಾರಿ ಬಲ ಪಾದ ಹೊರಳಿತು. ಅಲ್ಲಿಗೇ ಆಟೊ ಹತ್ತಬೇಕಿತ್ತು. "ಇನ್ನು ಐದೇ" ಎಂದು ಕುಂಟುತ್ತಾ ಮುಗಿಸಿದೆ. ಆ ಐದು ಕಿಲೋಮೀಟರಿನ ಲೆಕ್ಕ ಕೇಳಿ: ಎಂಆರ್‌ಐ 5,500, ಫಿಸಿಯೋಥೆರಪಿ ದಿನಕ್ಕೆ 400ರಂತೆ 18 ದಿನ 7,200, ವಾಪಸಾಗದ ಸ್ಪರ್ಧಾ ಶುಲ್ಕ 2,400. ಒಟ್ಟು 15,100. ಹನ್ನೊಂದು ವಾರ ಓಟವಿಲ್ಲ. ಈಗಲೂ ಮೆಟ್ಟಿಲು ಇಳಿಯುವಾಗ ಕೈ ತಾನಾಗಿ ಗೋಡೆ ಹಿಡಿಯುತ್ತದೆ. ಬಾಸ್ಟನ್ ಎಂದಿರಲ್ಲ, ಅದೇ ಓಟವನ್ನು ಗೇಲನ್ ರಪ್ ನಡುವೆ ಬಿಟ್ಟರು. ರಿಯೋ ಒಲಿಂಪಿಕ್ಸ್‌ನಲ್ಲಿ ಕಂಚು ತಂದವರು. ಮೂರು ವಾರ ತುಂಬುವ ಮೊದಲೇ ಪ್ರಾಗ್‌ನಲ್ಲಿ 2:06:07ಕ್ಕೆ ಗೆದ್ದರು. ಅದನ್ನೇಕೆ ಹೇಳಲಿಲ್ಲ?

ಚಿತ್ರದುರ್ಗ: ಕಾಲು ಹೊರಳಿದ ಮೇಲೂ ಓಡಿ ಎಂದು ನಾನೆಲ್ಲಿ ಬರೆದಿದ್ದೇನೆ? ನಿಮ್ಮ ಹಟಕ್ಕೆ ನನ್ನನ್ನೇಕೆ ಹೊಣೆ ಮಾಡುತ್ತೀರಿ?

ಹರಿಹರ: ಉಗುರು ಬಿದ್ದದ್ದನ್ನು ಪದಕದಂತೆ ಹೇಳಿಕೊಂಡರೆ ಹೊಸಬರು ಏನು ತಿಳಿಯಬೇಕು?

ಜಗಳೂರು: ಮಳೆ ಬೇರೆ, ಸಿಡಿಲು ಬೇರೆ. ಅದನ್ನು ಇಬ್ಬರೂ ಹೇಳುತ್ತಿಲ್ಲ. ಭರಣಿ ಮಳೆಯ ಸಂಜೆ, ಬಟಾಬಯಲಿನಲ್ಲಿ ನನಗಿನ್ನೂ ಆರು ಕಿ.ಮೀ. ಬಾಕಿ. ಮಿಂಚಿದ ಹನ್ನೆರಡು ಎಣಿಕೆಗೆ ಗುಡುಗಿತು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಎಂದರೆ ಸಿಡಿಲು ನಾಲ್ಕೇ ಕಿ.ಮೀ. ದೂರ. ಆದರೂ ಓಡಿದೆ. ಮುಂದಿನದು ಎಣಿಸಲು ಬಿಡಲಿಲ್ಲ. ಎದುರಿನ ತೋಟದ ತೆಂಗಿನ ಸುಳಿ ಹೊತ್ತಿಕೊಂಡಿತು, ಸುರಿವ ಮಳೆಯಲ್ಲೂ ಗರಿ ಚಟಚಟ ಉರಿಯಿತು. ಮನೆಯಲ್ಲಿ ಆರು ತಿಂಗಳು ಈ ವಿಷಯ ಹೇಳಲಿಲ್ಲ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆಯಿದ್ದರೆ ಗಟ್ಟಿ ಕಟ್ಟಡ ಸೇರಿ. ಕೊನೆಯ ಗುಡುಗಿನಿಂದ 30 ನಿಮಿಷ ಹೊರಬರಬೇಡಿ. ಮರದಡಿ ಬೇಡವೇ ಬೇಡ.

ಪಿ.ಜೆ. ಬಡಾವಣೆ, ದಾವಣಗೆರೆ: ಬಟ್ಟೆಯ ಮಾತನ್ನೂ ಯಾರೂ ಎತ್ತಲಿಲ್ಲ. ಹತ್ತಿಯ ಅಂಗಿ ತೊಟ್ಟು 24 ಓಡಿದ್ದೆ. ನೆನೆದು ಭಾರವಾಗಿ ಉಜ್ಜಿ ಉಜ್ಜಿ ಕಂಕುಳಲ್ಲಿ ಚರ್ಮ ಸುಲಿದು, ಎಂಟು ದಿನ ಕೈ ಎತ್ತಿ ತಲೆ ಬಾಚಲಾಗಲಿಲ್ಲ. ಪಾಲಿಯೆಸ್ಟರ್ ತೊಡಿ, ವ್ಯಾಸಲೀನ್ ಧಾರಾಳವಾಗಿ ಹಚ್ಚಿ.

ಹಳೇ ದಾವಣಗೆರೆ: ಹತ್ತಿಯನ್ನು ಹಳಿಯಬೇಡಿ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ಇದು. ನಮ್ಮಪ್ಪ ಮೂವತ್ತು ವರ್ಷ ಮಿಲ್ಲಿನಲ್ಲಿ ದುಡಿದರು. ನಾನು ಹತ್ತಿಯ ಬನಿಯನ್‌ನಲ್ಲೇ ಓಡುವುದು, ಏನೂ ಆಗಿಲ್ಲ.

ಪಿ.ಜೆ. ಬಡಾವಣೆ: ನಿಮ್ಮ ತಂದೆಯವರ ದುಡಿಮೆಗೆ ಕೈ ಮುಗಿಯುತ್ತೇನೆ. ಗಾಯ ನನ್ನದು. ಮಳೆಯಲ್ಲಿ ಎಷ್ಟು ದೂರ ಓಡಿದ್ದೀರಿ, ಹೇಳಿ.

ಹಳೇ ದಾವಣಗೆರೆ: ಹತ್ತು.

ವಿದ್ಯಾನಗರ: ನಾನು 19ಕ್ಕೆ ನಿಂತ ದಿನವೂ ಗುಡುಗುತ್ತಿತ್ತು, ಎಣಿಸಿರಲಿಲ್ಲ. ಭಾನುವಾರ ಕೆರೆ ಏರಿಯ ಮೇಲೆಯೇ ಸುತ್ತುತ್ತೇನೆ, ಬಿಡಬೇಕಾದರೆ ಮನೆ ಹತ್ತಿರ. ಹರಿಹರದವರೇ, ಕುಂಟುತ್ತಿದ್ದಾಗ ನೋವು ಆಗಲೇ ತಿಳಿಯಿತೇ, ಮರುದಿನವೇ? ನನ್ನ ಮೊಣಕಾಲಿನದು ಮರುದಿನ ಬರುತ್ತದೆ.

ಹರಿಹರ: ಆಗಲೇ ತಿಳಿದಿತ್ತು.