ದೊಡ್ಡಮ್ಮನ ವೀಸಾ 2034ರವರೆಗೆ ಉಂಟಂತೆ

(ನಮ್ಮ ಮನೆಯವರ ಗುಂಪು. ಮೂವತ್ತೊಂದು ಜನ ಇದ್ದರೂ ಬಾಯಿ ಬಿಡುವವರು ಏಳೆಂಟು. 2025ರ ಅಕ್ಟೋಬರ್ 12, ಆದಿತ್ಯವಾರ ಸಂಜೆಯ ಮಾತುಕತೆ ಇದು. ದೊಡ್ಡಮ್ಮ ಆಗ ಮಗಳ ಬಾಣಂತನಕ್ಕೆ ಅಂತ ಅಮೆರಿಕದಲ್ಲಿ ಇದ್ದರು. ಹೆಸರುಗಳು ನನ್ನ ಫೋನಿನಲ್ಲಿ ಹೇಗೆ ಉಂಟೋ ಹಾಗೇ. ನಡುವೆ ಬಂದ ಕೈ ಮುಗಿಯುವ ಗೊಂಬೆಗಳನ್ನು ಬಿಟ್ಟಿದ್ದೇನೆ.)

ಕಟಪಾಡಿ ಚಿಕ್ಕಪ್ಪ: (ಫೋಟೋ. ದೊಡ್ಡಮ್ಮನ ಪಾಸ್‌ಪೋರ್ಟಿನ ವೀಸಾ ಪುಟ, ಒಂದು ತಾರೀಖಿನ ಸುತ್ತ ಕೆಂಪು ಉರುಟು.)

ಕಟಪಾಡಿ ಚಿಕ್ಕಪ್ಪ: ಎಲ್ಲರೂ ಕನ್ನಡಕ ಹಾಕಿ ನೋಡಿ. ಫೆಬ್ರವರಿ 2034. ಇನ್ನೂ ಎಂಟು ವರ್ಷ ಉಂಟು. ಅತ್ತಿಗೆ ನವೆಂಬರ್ 9ಕ್ಕೇ ಓಡಿ ಬರಬೇಕು ಅಂತ ಯಾರು ಹೇಳಿದ್ದು? ಮಗುವಿಗೆ ನಾಲ್ಕು ತಿಂಗಳು ಆದದ್ದಷ್ಟೆ. ತಿಂಗಳ ಕೊನೆವರೆಗೆ ಇದ್ದು ಬರಲಿ.

ಕಟಪಾಡಿ ಚಿಕ್ಕಪ್ಪ: (ಫಾರ್ವರ್ಡ್) ಮಕ್ಕಳ ಮನೆಗೆ ವಿದೇಶಕ್ಕೆ ಹೋಗುವ ಹಿರಿಯರೇ ಗಮನಿಸಿ!! ವೀಸಾ 10 ವರ್ಷ ಇದ್ದರೆ ಭಯ ಬೇಡ. ದಿನ ಹೆಚ್ಚಾದರೆ ಏರ್‌ಪೋರ್ಟಿನಲ್ಲಿ ಸಣ್ಣ ದಂಡ ಕಟ್ಟಿದರೆ ಮುಗಿಯಿತು. ಏಜೆಂಟರ ಮಾತಿಗೆ ಮೋಸ ಹೋಗಬೇಡಿ. ಹತ್ತು ಜನರಿಗೆ ಕಳಿಸಿ.

ನಾನು: ಚಿಕ್ಕಪ್ಪ, ಹತ್ತು ಜನರಿಗೆ ಕಳಿಸ್ಲಿಕ್ಕೆ ಹೋಗ್ಬೇಡಿ. ನೀವು ಉರುಟು ಹಾಕಿದ್ದು ಆ ದೇಶದ ಬಾಗಿಲು ತಟ್ಟಲಿಕ್ಕೆ ಇರುವ ತಾರೀಖು. ಒಳಗೆ ಎಷ್ಟು ದಿನ ಕೂರಬಹುದು ಅನ್ನುವುದು ಬೇರೆ ಲೆಕ್ಕ, ಅದಕ್ಕೆ ಐ-94 ಅಂತ ಹೇಳ್ತಾರೆ. ಮೇ 14ಕ್ಕೆ ನ್ಯೂವಾರ್ಕಿನಲ್ಲಿ ಇಳಿದಾಗ ಅಲ್ಲಿನ ಆಫೀಸರ್ ದೊಡ್ಡಮ್ಮನಿಗೆ ಕೊಟ್ಟದ್ದು ನವೆಂಬರ್ 13ರವರೆಗೆ. ಪಾಸ್‌ಪೋರ್ಟ್ ನಂಬ್ರ, ಹುಟ್ಟಿದ ದಿನ ಹಾಕಿ ಅವರ ವೆಬ್‌ಸೈಟಿನಲ್ಲಿ ನಾನೇ ನೋಡಿದ್ದೇನೆ. ವೀಸಾಕ್ಕೆ ಡಿಎಸ್-160 ಅರ್ಜಿ ಫಾರ್ಮು ತುಂಬಿಸಿದ್ದೂ ನಾನೇ, ಮರೀಬೇಡಿ.

ಕಟಪಾಡಿ ಚಿಕ್ಕಪ್ಪ: ಬಾಗಿಲು ಕಿಟಕಿ ಎಲ್ಲ ಬೇಡ ಮಗಳೇ. 13ರಿಂದ 30ಕ್ಕೆ 17 ದಿನ. ಬಾಣಂತನಕ್ಕೆ ಹೋದ ಹೆಂಗಸನ್ನು 17 ದಿನಕ್ಕೆ ಜೈಲಿಗೆ ಹಾಕ್ತಾರಾ?

ಬೆಂಗಳೂರು ತಮ್ಮ: ಚಿಕ್ಕಪ್ಪ ಹೇಳಿದ್ದು ಪೂರ್ತಿ ಸುಳ್ಳಲ್ಲ. ನನ್ನ ಫ್ರೆಂಡು ಥಾಯ್ಲೆಂಡಿನ ಫುಕೆಟ್‌ನಲ್ಲಿ ಎರಡು ದಿನ ಹೆಚ್ಚು ಉಳಿದ. ಏರ್‌ಪೋರ್ಟಲ್ಲೇ ಸಾವಿರ ಬಾತ್ ತಕೊಂಡು ರಸೀದಿ ಕೊಟ್ಟು ಬಿಟ್ಟರು. ದಿನಕ್ಕೆ 500, ಎಷ್ಟೇ ದಿನ ಆದ್ರೂ 20,000ಕ್ಕಿಂತ ಮೇಲೆ ಇಲ್ಲ.

ಕಟಪಾಡಿ ಚಿಕ್ಕಪ್ಪ: ನೋಡಿ!

ನಾನು: ತಮ್ಮ, ಅರ್ಧ ಹೇಳಿ ಓಡ್ಬೇಡ. ಅಲ್ಲೂ 90 ದಿನ ದಾಟಿದರೆ ತಾನಾಗಿ ಏರ್‌ಪೋರ್ಟಿಗೆ ಬಂದವನಿಗೇ ಒಂದು ವರ್ಷ ಥಾಯ್ಲೆಂಡಿಗೆ ಕಾಲಿಡ್ಲಿಕ್ಕೆ ಇಲ್ಲ. ರಸ್ತೆಯಲ್ಲಿ ಚೆಕಿಂಗ್‌ನಲ್ಲಿ ಸಿಕ್ಕಿಬಿದ್ದರೆ ಒಂದು ವರ್ಷದ ಒಳಗಿನದ್ದಕ್ಕೂ ಐದು ವರ್ಷ. 2016ರಿಂದ ಇದೇ ಕ್ರಮ. ಫ್ರೆಂಡಿಗೆ ಚೆಕಿಂಗ್‌ನವರು ಸಿಕ್ಕಲಿಲ್ಲ, ಅವನ ಪುಣ್ಯ.

ದುಬೈ ಭಾವ: ಇಲ್ಲಿ ದಿನಕ್ಕೆ 50 ದಿರ್ಹಂ. ಮುಂಚೆ ವಿಸಿಟ್ ವೀಸಾ ಮುಗಿದ ಮೇಲೆ 10 ದಿನ ಬಿಡ್ತಿದ್ದರು, 2023ರಲ್ಲಿ ಅದನ್ನೂ ತೆಗೆದರು. ಮಾವ, ನೀವು ಸಣ್ಣ ದಂಡ ಅಂತ ಹೇಳ್ತೀರಿ. ನನ್ನ ಹಳೇ ರೂಮಿನಲ್ಲಿ ಕಾರ್ಕಳ ಕಡೆಯ ಒಬ್ಬ ಹುಡುಗ ಇದ್ದ. ವಿಸಿಟ್‌ನಲ್ಲಿ ಬಂದು ಇವತ್ತು ಕೆಲಸ ಸಿಗ್ತದೆ, ನಾಳೆ ಸಿಗ್ತದೆ ಅಂತ 14 ತಿಂಗಳು ಕೂತ. ಲೆಕ್ಕ ಹಾಕಿದ್ರೆ 21 ಸಾವಿರ ದಿರ್ಹಂ. ಊರಲ್ಲಿ ತಾಯಿ ಹೋದ ದಿನ ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿ ಅಳ್ತಿದ್ದ, ನಮಗೆ ಕೇಳ್ಬಾರ್ದು ಅಂತ. 2024ರ ಸೆಪ್ಟೆಂಬರಿನಿಂದ ವರ್ಷದ ಕೊನೆವರೆಗೆ ದಂಡ ಮನ್ನಾ ಮಾಡಿದ್ರಲ್ಲ, ಆವಾಗ ಹೊರಟು ಹೋದ. ಮನ್ನಾ ಬಾರದಿದ್ದರೆ ಈಗಲೂ ಇಲ್ಲೇ ಇರ್ತಿದ್ದನೋ ಏನೋ.

ಸುರತ್ಕಲ್ ಅತ್ತೆ: ಅಯ್ಯೋ ಪಾಪ. ಯಾರ ಮಗ?

ದುಬೈ ಭಾವ: ಅಮ್ಮಾ, ಅದು ಬೇಡ.

ಬೆಂಗಳೂರು ತಮ್ಮ: ಸಿಂಗಾಪುರದಲ್ಲಿ 90 ದಿನ ದಾಟಿದರೆ ಬೆತ್ತದಲ್ಲಿ ಕಮ್ಮಿ ಅಂದ್ರೆ ಮೂರು ಪೆಟ್ಟು. ನಿಜ. 50 ದಾಟಿದ ಗಂಡಸರಿಗೆ ಇಲ್ಲ, ಚಿಕ್ಕಪ್ಪ ಆರಾಮಾಗಿ ಹೋಗ್ಬಹುದು.

ಕಟಪಾಡಿ ಚಿಕ್ಕಪ್ಪ: ನಿನಗೆ ಇಲ್ಲಿ ಬಂದಾಗ ಕೊಡ್ತೇನೆ. ಸರಿ, ದಂಡವೇ ಅಂತಾದರೆ ಅಮೆರಿಕದ್ದು ಎಷ್ಟು? ನಾನು ಕಟ್ತೇನೆ.

ನಾನು: ಅದೇ ಚಿಕ್ಕಪ್ಪ, ಅಲ್ಲಿ ಕಟ್ಲಿಕ್ಕೆ ಕೌಂಟರೇ ಇಲ್ಲ. ಹೊರಡುವಾಗ ನಮ್ಮ ಬಜ್ಪೆ ಏರ್‌ಪೋರ್ಟಿನಲ್ಲಿ ಇರುವ ಹಾಗೆ ಎಮಿಗ್ರೇಷನ್ ಸಾಲು ಸಹ ಇಲ್ಲ. ಸೀದಾ ವಿಮಾನ ಹತ್ತುವುದು.

ಕಟಪಾಡಿ ಚಿಕ್ಕಪ್ಪ: ಮತ್ತೆಂತ ಮಾರಾಯ್ತಿ! ಯಾರೂ ನೋಡ್ಲಿಕ್ಕೆ ಇಲ್ಲ ಅಂತಾದರೆ ಯಾರಿಗೆ ಗೊತ್ತಾಗ್ತದೆ?

ನಾನು: ವಿಮಾನದವರು ಹತ್ತಿದವರ ಪಟ್ಟಿ ಸರಕಾರಕ್ಕೆ ಕಳಿಸ್ತಾರೆ. ನವೆಂಬರ್ 13 ಅಂತ ಒಂದು ಕಡೆ, 30 ಅಂತ ಇನ್ನೊಂದು ಕಡೆ. ಒಂದು ದಿನ ಹೆಚ್ಚಾದರೂ ನೀವು ಉರುಟು ಹಾಕಿದ ಆ 2034ರ ವೀಸಾ ಅಲ್ಲಿಗೇ ಬಿದ್ದುಹೋಗ್ತದೆ. ಪುಟ ಪಾಸ್‌ಪೋರ್ಟಲ್ಲಿ ಚಂದ ಕಾಣ್ತಾ ಇರ್ತದೆ, ಜೀವ ಇರುವುದಿಲ್ಲ. ಅದು ಗೊತ್ತಾಗುವುದು ಮುಂದಿನ ಸಲ, ಮಗುವಿಗೆ ಚಕ್ಕುಲಿ ಕಟ್ಟಿಕೊಂಡು ಹೊರಟ ದಿನ.

ಕಟಪಾಡಿ ಚಿಕ್ಕಪ್ಪ: ನಾನೂ ಓದಿದ್ದೇನೆ. 180 ದಿನ ಹೆಚ್ಚಾದರೆ 3 ವರ್ಷ ಬಾರದ ಹಾಗೆ, ಒಂದು ವರ್ಷ ಹೆಚ್ಚಾದರೆ 10 ವರ್ಷ. 17 ದಿನಕ್ಕೆ ಎಂತದೂ ಇಲ್ಲ. ಸುಮ್ಮನೆ ಹೆದರಿಸ್ಬೇಡ.

ನಾನು: 3 ವರ್ಷ, 10 ವರ್ಷದ್ದು ನೀವು ಹೇಳಿದ್ದು ಸರಿ, ಒಪ್ತೇನೆ. ಆದರೆ ಅದು ಬೇರೆ ಕಲಮು. ವೀಸಾ ರದ್ದಾಗ್ಲಿಕ್ಕೆ 180 ದಿನ ಬೇಡ. ಮತ್ತೆ ಮೊದಲಿಂದ ಅರ್ಜಿ, ಮತ್ತೆ ಚೆನ್ನೈ. ಕಳೆದ ಸಲ ರಾತ್ರಿ ಬಸ್ಸಿನಲ್ಲಿ ಹೋಗಿ ದೊಡ್ಡಮ್ಮನ ಕಾಲು ಊದಿದ್ದು ನೋಡಿದವಳು ನಾನು. ಇಂಟರ್‌ವ್ಯೂನಲ್ಲಿ ಎಷ್ಟು ದಿನ ಇರ್ತೀರಿ ಅಂತ ಕೇಳಿದರು. ಐದೂವರೆ ತಿಂಗಳು, ಮತ್ತೆ ನಮ್ಮ ಮನೆಯವರಿಗೆ ಅಡಿಗೆ ಬರುವುದಿಲ್ಲ ಅಂತ ಇವರು ಹೇಳಿದರಂತೆ. ಆಫೀಸರ್ ನಕ್ಕು ವೀಸಾ ಕೊಟ್ಟರು. ಇನ್ನೊಮ್ಮೆ ಹೋದರೆ ಯಾಕೆ ಹೆಚ್ಚು ಉಳಿದಿರಿ ಅಂತಲೇ ಮೊದಲ ಪ್ರಶ್ನೆ. ಇನ್ಶೂರೆನ್ಸ್ ಸಹ ನಾವು ಮಾಡಿಸಿದ್ದು ನವೆಂಬರ್ 13ರವರೆಗೆ ಮಾತ್ರ. 14ಕ್ಕೆ ಜಾರಿ ಬಿದ್ದರೆ ಆಸ್ಪತ್ರೆ ಬಿಲ್ಲು ಯಾರು ಕೊಡುವುದು? ಫಾರ್ವರ್ಡ್ ಬರೆದವನಾ?

ಸುರತ್ಕಲ್ ಅತ್ತೆ: ಅದಲ್ಲ, ಅಣ್ಣನ ವಿಷಯ ಯಾರೂ ಮಾತಾಡುವುದಿಲ್ಲ. ಐದು ತಿಂಗಳಿಂದ ಒಬ್ಬನೇ. ಮೊನ್ನೆ ಹೋದಾಗ ಕುಚ್ಚಲಕ್ಕಿ ಗಂಜಿಗೆ ಅಂಗಡಿ ಉಪ್ಪಿನಕಾಯಿ ಹಾಕಿ ಉಣ್ತಿದ್ದ. ಅಂಗಡಿದ್ದು!

ಉಡುಪಿ ದೊಡ್ಡಪ್ಪ: ನನಗೆ ತೊಂದರೆ ಇಲ್ಲ. ಇರುವುದಾದರೆ ಇರಲಿ.

ಉಡುಪಿ ದೊಡ್ಡಪ್ಪ: ಕುಕ್ಕರಿನ ರಬ್ಬರ್ ಎಲ್ಲಿ ಇಟ್ಟದ್ದು ಅಂತ ಯಾರಾದರೂ ಅವಳ ಹತ್ತಿರ ಕೇಳಿ.

ನಾನು: ಇದನ್ನೆಲ್ಲ ತಲೆಗೆ ಹಾಕಿದ್ದು ಯಾರು ಚಿಕ್ಕಪ್ಪ? ನಿಮಗೆ ಆ ಪುಟದ ಫೋಟೋ ಕೊಟ್ಟದ್ದಾದರೂ ಯಾರು?

(ಹತ್ತು ನಿಮಿಷ ಯಾರೂ ಬರೆಯಲಿಲ್ಲ.)

ನ್ಯೂಜೆರ್ಸಿ ಅಕ್ಕ: ನಾನೇ ಕೊಟ್ಟದ್ದು. ಚಿಕ್ಕಪ್ಪನನ್ನು ಬಯ್ಯಬೇಡಿ. ನನಗೆ ನವೆಂಬರ್ 10ಕ್ಕೆ ಆಫೀಸು ಶುರು. ಡೇಕೇರ್‌ನಲ್ಲಿ ಜಾಗ ಸಿಕ್ಕಿದ್ದು ಡಿಸೆಂಬರ್ 1ಕ್ಕೆ. ನಡುವೆ ಮೂರು ವಾರ. ಇವರಿಗೆ ರಜೆ ಇಲ್ಲ. ಅಮ್ಮನ ಹತ್ತಿರ ಬಾಯಿ ಬಿಟ್ಟು ಕೇಳಿದರೆ ಅವಳು ಇಲ್ಲ ಅನ್ನುವುದಿಲ್ಲ, ಅದಕ್ಕೇ ಕೇಳಲಿಲ್ಲ. ಚಿಕ್ಕಪ್ಪ ಹೇಳಿದರೆ ಎಲ್ಲರೂ ಹೂಂ ಅಂತೀರಿ ಅಂದುಕೊಂಡೆ.

ನಾನು: ಅಕ್ಕಾ, ಸಾರಿ. ಇದು ಗೊತ್ತಿದ್ದರೆ ಇಷ್ಟು ಜೋರು ಮಾಡ್ತಿರಲಿಲ್ಲ. ಬೇಕು ಅಂತಾದರೆ ದಾರಿ ಉಂಟು. ಉಳಿಯುವ ದಿನ ಹೆಚ್ಚು ಮಾಡಿಸ್ಲಿಕ್ಕೆ ಐ-539 ಅಂತ ಒಂದು ಅರ್ಜಿ, ಆನ್‌ಲೈನಲ್ಲಿ ಹಾಕಿದರೆ 420 ಡಾಲರ್. 45 ದಿನ ಮುಂಚೆ ಹಾಕಿ ಅಂತ ಅವರ ಸಲಹೆ, ನಮ್ಮದು ತಡವಾಗಿದೆ. ಆದರೂ 13ರ ಒಳಗೆ ಅವರ ಕೈ ಸೇರಿದರೆ ಆಯ್ತು. ಯಾಕೆ ಉಳಿಯಬೇಕು, ಖರ್ಚು ಯಾರದ್ದು, ವಾಪಸ್ ಟಿಕೆಟ್ ಯಾವಾಗ, ಎಲ್ಲ ಬರೆಯಬೇಕು. ಉತ್ತರ ಬರ್ಲಿಕ್ಕೆ ತಿಂಗಳುಗಟ್ಟಲೆ ಆದರೂ ಕಾಯುವ ದಿನಗಳನ್ನು ಕಳ್ಳತನದ ಲೆಕ್ಕಕ್ಕೆ ಹಾಕುವುದಿಲ್ಲ. ಅರ್ಜಿ ಹಾಕದೆ ಕೂರುವುದು ಮಾತ್ರ ಬೇಡ. ಮಗುವನ್ನು ನೋಡಿಕೊಳ್ಳುವುದಕ್ಕೆ ಅಂತ ಬರೆಯಬೇಡ. ಅದನ್ನು ಕೆಲಸ ಅಂತ ತಕೊಂಡರೆ ಕಷ್ಟ. ಅಲ್ಲಿನ ವಕೀಲರ ಹತ್ತಿರ ಒಮ್ಮೆ ಕೇಳು.

ಕಟಪಾಡಿ ಚಿಕ್ಕಪ್ಪ: 420 ಡಾಲರ್ ನಾನು ಕೊಡ್ತೇನೆ. ಮೊದಲೇ ಹೇಳಿದ್ದೆ.

ದುಬೈ ಭಾವ: ಮಾವ ದಂಡ ಕಟ್ತೇನೆ ಅಂದದ್ದು. ಫೀಸು ಬೇರೆ.

ದೊಡ್ಡಮ್ಮ: (ಕಾಲು ಗಂಟೆ ‘ಟೈಪಿಂಗ್’ ಅಂತ ತೋರಿಸಿ ಕೊನೆಗೆ) ಬೆಳಿಗ್ಗೆಯಿಂದ ಫೋನು ಕುಯ್ಯೋ ಅಂತ ಉಂಟು. ಮಗು ಮಲಗಿದ ಮೇಲೆ ಎಲ್ಲ ಓದಿದೆ. ನನ್ನ ಬಿಪಿ ಮಾತ್ರೆ ನವೆಂಬರ್ 12ರ ರಾತ್ರಿವರೆಗೆ ಉಂಟು, ಲೆಕ್ಕ ಮಾಡಿಯೇ ತಂದದ್ದು. 9ಕ್ಕೆ ಹೊರಡುವುದು. ಮಗಳ ಹತ್ತಿರ ಮಾತಾಡಿ ಆಯ್ತು. ಅಳಿಯನ ತಾಯಿ ಪುಣೆಯಿಂದ ಬರುತ್ತಾರಂತೆ, ಅವರಿಗೂ ವೀಸಾ ಉಂಟಂತೆ, ಯಾರೂ ಅವರನ್ನು ಕೇಳಿಯೇ ಇರಲಿಲ್ಲ. ಕುಕ್ಕರಿನ ರಬ್ಬರ್ ಮಿಕ್ಸಿಯ ಹಿಂದೆ, ಹಾರ್ಲಿಕ್ಸ್ ಡಬ್ಬಿಯಲ್ಲಿ.

ದೊಡ್ಡಮ್ಮ: ಮತ್ತೆ ನನ್ನ ಪಾಸ್‌ಪೋರ್ಟು ಗುಂಪಿನಲ್ಲಿ ಹಾಕಿದ್ದು ಯಾಕೆ? ಅದರಲ್ಲಿ ಹುಟ್ಟಿದ ವರ್ಷ ಉಂಟು. ಮೊದಲು ತೆಗೆಯಿರಿ.

ಕಟಪಾಡಿ ಚಿಕ್ಕಪ್ಪ: ಈ ಸಂದೇಶವನ್ನು ಅಳಿಸಲಾಗಿದೆ.

ಸುರತ್ಕಲ್ ಅತ್ತೆ: ನಾನು ನೋಡುವ ಮೊದಲೇ ತೆಗೆದೆಯಾ ಮಾರಾಯ.