ಅನ್ನ, ಉಪ್ಪಿಟ್ಟು, ರೊಟ್ಟಿಗೆ ಹಾಟ್ ಸಾಸ್: ನೀವು ಹೇಗೆ ಬಳಸ್ತೀರಿ?

ಅಮೆರಿಕದಿಂದ ಬಂದಿದ್ದ ತಂಗಿ ಟಬಾಸ್ಕೊ, ಶ್ರೀರಾಚಾ ಅನ್ನೋ ಎರಡು ಹಾಟ್ ಸಾಸ್ ಬಾಟಲಿ ಕೊಟ್ಟು ಹೋಗಿದ್ದಾಳೆ. ನಮ್ಮ ಮನೆಯಲ್ಲಿ ಪಿಜ್ಜಾ, ನೂಡಲ್ಸ್ ಅಪರೂಪ. ಬೆಳಗ್ಗೆ ಉಪ್ಪಿಟ್ಟೋ ಅವಲಕ್ಕಿಯೋ, ಮಧ್ಯಾಹ್ನ ಅನ್ನ-ಸಾರು, ರಾತ್ರಿ ರೊಟ್ಟಿ. ಇಂಥ ಊಟಕ್ಕೆ ಇವನ್ನು ಬಳಸಿ ರೂಢಿ ಇರೋರು ದಯವಿಟ್ಟು ಹೇಳಿ.

ಡಾಲಸ್‌ನಲ್ಲಿರುವ ಮೈಸೂರಿನವರು:
ಟಬಾಸ್ಕೊವನ್ನ ಖಾರದಪುಡಿ ಸಾಲಿಗೆ ಸೇರಿಸಬೇಡಿ, ನಿಂಬೆಹಣ್ಣಿನ ಸಾಲಿಗೆ ಸೇರಿಸಿ. ಅದರಲ್ಲಿರೋದು ಕೆಂಪು ಮೆಣಸಿನಕಾಯಿ, ಉಪ್ಪು, ವಿನೆಗರ್ ಮಾತ್ರ. ಲೂಸಿಯಾನಾದ ಏವರಿ ದ್ವೀಪದಲ್ಲಿ 1868ರಿಂದ ಮಾಡ್ತಿದ್ದಾರೆ. ಅರೆದ ಮೆಣಸಿನಕಾಯಿಗೆ ಉಪ್ಪು ಬೆರೆಸಿ ಓಕ್ ಪೀಪಾಯಿಯಲ್ಲಿ ಮೂರು ವರ್ಷದವರೆಗೆ ಹುಳಿಬರಿಸಿ, ಆಮೇಲೆ ವಿನೆಗರ್ ಕೂಡಿಸ್ತಾರೆ. ಹಾಗಾಗಿ ನಾಲಿಗೆಗೆ ಮೊದಲು ಸಿಗೋದು ಹುಳಿ. ಖಾರ ಸ್ಕೋವಿಲ್ ಅಳತೆಯಲ್ಲಿ 2,500ರಿಂದ 5,000 ಅಷ್ಟೇ, ಗುಂಟೂರು ಮೆಣಸಿನಕಾಯಿ ತಿಂದವರಿಗೆ ಅದು ಏನೂ ಅಲ್ಲ.

ಚಿತ್ರಾನ್ನ, ಉಪ್ಪಿಟ್ಟು, ಅವಲಕ್ಕಿ, ಹೆಸರುಬೇಳೆ ಕೋಸಂಬರಿ: ಎಲ್ಲೆಲ್ಲಿ ಕೊನೆಗೆ ನಿಂಬೆ ಹಿಂಡ್ತೀರೋ ಅಲ್ಲೆಲ್ಲ ನಿಂಬೆ ಬಿಟ್ಟು ಇದನ್ನ ಹಾಕಿ. ಒಲೆ ಆರಿಸಿದ ಮೇಲೇ ಹಾಕಬೇಕು. ಕಾದ ಬಾಣಲೆಗೆ ಬಿದ್ದರೆ ವಿನೆಗರ್ ಘಾಟೆದ್ದು ಮನೆಮಂದಿಯೆಲ್ಲ ಕೆಮ್ಮಬೇಕಾಗುತ್ತೆ, ಪರಿಮಳವೂ ಹಾರಿಹೋಗುತ್ತೆ.

ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟವಾಗೋದು ಅಕ್ಕಿರೊಟ್ಟಿ ಜೊತೆ. ಮೆತ್ತಗಿನ ಬೆಣ್ಣೆಗೆ ಸಾಸ್ ಸ್ವಲ್ಪಸ್ವಲ್ಪವೇ ಬಿಟ್ಟು ಕಲಸಿ, ಹೆಚ್ಚಿದ ಕೊತ್ತಂಬರಿ ಸೊಪ್ಪು ಸೇರಿಸಿ, ಬಿಸಿ ರೊಟ್ಟಿ ಮೇಲೆ ಸವರ್ತೀವಿ. ಬೆಣ್ಣೆ ಖಾರವನ್ನ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತೆ. ಅಮೆರಿಕದ ಬಫಲೋ ಊರಿನ ಆಂಕರ್ ಬಾರ್ ಕೋಳಿರೆಕ್ಕೆಗೆ ಹೆಸರಾಗಿದ್ದೂ ಬೆಣ್ಣೆ-ಸಾಸ್ ಜೋಡಿಯಿಂದಲೇ. ರಾಗಿರೊಟ್ಟಿಗೂ ಚೆನ್ನಾಗಿರುತ್ತೆ.

ಹುಬ್ಬಳ್ಳಿಯಿಂದ:
ಗಿರ್ಮಿಟ್ಟಿಗೆ ಶ್ರೀರಾಚಾ ಹಾಕಿ ನೋಡ್ರಿ. ಬೆಳ್ಳುಳ್ಳಿ, ಸಕ್ಕರಿ ಅದರಾಗ ಮೊದಲ ಇರ್ತಾವ, ಅದಕ್ಕ ಹುಣಸಿಹಣ್ಣು, ಬೆಲ್ಲ ಎರಡೂ ಸ್ವಲ್ಪ ಕಡಿಮಿ ಹಾಕ್ರಿ. ಜ್ವಾಳದ ರೊಟ್ಟಿಗೆ ಮಾತ್ರ ಬ್ಯಾಡ. ಅದಕ್ಕ ನಮ್ಮ ರಂಜಕನ ಬೇಕು. ಕೆಂಪ ಹಸಿಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿ, ನಿಂಬಿರಸ ಹಾಕಿ ರುಬ್ಬಿ ಭರಣ್ಯಾಗ ತುಂಬಿಡ್ತೀವಿ. ಅದೂ ಹಾಟ್ ಸಾಸ್ ಅಲ್ಲೇನ್ರಿ? ತಂಗಿ ಕೊಟ್ಟಿದ್ದು ಮುಗಿದ ಮ್ಯಾಲ ಇದನ್ನ ಮನ್ಯಾಗ ಮಾಡ್ರಿ, ಮೊಸರಿನಾಗ ಕಲಸಿ ಏನರ ಜೋಡಿ ತಿನ್ನಬಹುದು.

ಮಂಗಳೂರಿನಿಂದ:
ಮೆಣಸು-ವಿನೆಗರ್ ಜೋಡಿ ನಮಗೆ ಹೊಸತೇನಲ್ಲ. ಇಲ್ಲಿನ ಕ್ರೈಸ್ತರ ಮನೆಗಳಲ್ಲಿ ಇಂಡಾದ್, ಸೊರ್ಪೊತೆಲ್ ಎಂಬ ಹಂದಿಮಾಂಸದ ಅಡುಗೆಗಳಿಗೆ ವಿನೆಗರ್ ಬೇಕೇ ಬೇಕು. ನಾನು ಬಂಗುಡೆ ಕಾಯಿಸುವಾಗ ಹುಳಿಯ ಬದಲು ಟಬಾಸ್ಕೊ ಹಾಕುತ್ತೇನೆ: ಬ್ಯಾಡಗಿ ಮೆಣಸಿನ ಪುಡಿ, ಅರಶಿನ, ಶುಂಠಿ-ಬೆಳ್ಳುಳ್ಳಿ ಜೊತೆ ಅರೆದು ಮೀನಿಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ರವೆಯಲ್ಲಿ ಹೊರಳಿಸಿ ಕಾವಲಿಗೆ. ಬಣ್ಣ ಬ್ಯಾಡಗಿಯಿಂದ, ಹುಳಿ ಸಾಸ್‌ನಿಂದ. ಶ್ರೀರಾಚಾ ಇದಕ್ಕೆ ಆಗುವುದಿಲ್ಲ ಮಾರಾಯ್ರೆ, ಅದರ ಸಕ್ಕರೆ ಕಾವಲಿಯಲ್ಲಿ ಕರಟಿ ಕಹಿಯಾಗುತ್ತದೆ. ಅದನ್ನು ಕಾಯಿಸಿದ ಮೀನಿಗೆ ನಂಚಿಕೊಳ್ಳಿ. ಉಪ್ಪು ಹಾಕುವಾಗಲೂ ನೋಡಿಕೊಳ್ಳಿ: ಟಬಾಸ್ಕೊದಲ್ಲಿ ಕಡಿಮೆ, ಹಲವು ಬೇರೆ ಸಾಸ್‌ಗಳಲ್ಲಿ ಜಾಸ್ತಿ ಇರುತ್ತದೆ. ರಕ್ತದೊತ್ತಡ ಇರುವವರ ಮನೆಯಾದರೆ ಬಾಟಲಿ ಮೇಲಿನ ಸೋಡಿಯಂ ಲೆಕ್ಕ ಓದಿಯೇ ಬಳಸಿ.

ಶಿವಮೊಗ್ಗದಿಂದ:
ಸಾರಿಗೆ ಹಾಕೋದು ನನಗೆ ಒಪ್ಪಿಗೆಯಿಲ್ಲ. ಹುರಿದ ಕೊತ್ತಂಬರಿ, ಜೀರಿಗೆ, ಇಂಗಿನ ಪರಿಮಳವನ್ನೆಲ್ಲ ವಿನೆಗರ್ ನುಂಗಿಹಾಕುತ್ತೆ. ತೊವ್ವೆಗೆ ಧಾರಾಳವಾಗಿ ಹಾಕಿ. ಬೇಳೆ, ತುಪ್ಪ, ಮೇಲೆ ನಾಲ್ಕು ಹನಿ ಸಾಸ್, ಹಪ್ಪಳ ಇದ್ದರೆ ಬೇರೆ ಪಲ್ಯ ಬೇಡ.

ಮತ್ತೆ ಡಾಲಸ್‌ನಿಂದ:
ಸಾರಿನ ವಿಷಯದಲ್ಲಿ ಶಿವಮೊಗ್ಗದವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಟೊಮ್ಯಾಟೊ ಗೊಜ್ಜಿಗಾದರೆ ಹೊಂದುತ್ತೆ.

ಬೆಂಗಳೂರಿನಿಂದ:
ಮನೆಯಲ್ಲಿ ಮಕ್ಕಳಿದ್ದರೆ ಮೊಸರಿಂದ ಶುರು ಮಾಡಿ. ಮೆಣಸಿನಕಾಯಿಯ ಖಾರ ಕ್ಯಾಪ್ಸೈಸಿನ್ ಅನ್ನೋ ಅಂಶದ್ದು. ಅದು ನೀರಲ್ಲಿ ಕರಗಲ್ಲ, ಕೊಬ್ಬಲ್ಲಿ ಕರಗುತ್ತೆ. ಹಾಲು-ಮೊಸರಿನ ಕೇಸಿನ್ ಅನ್ನೋ ಪ್ರೋಟೀನೂ ಅದನ್ನ ನಾಲಿಗೆಯಿಂದ ಬಿಡಿಸುತ್ತೆ. ಗಟ್ಟಿ ಮೊಸರಿಗೆ ಒಂದು ಚಮಚ ಶ್ರೀರಾಚಾ, ಚಿಟಿಕೆ ಹುರಿದ ಜೀರಿಗೆಪುಡಿ ಹಾಕಿ ಕಲಸಿ. ಚಪಾತಿಯೊಳಗೆ ಸವರಿ ಸೌತೆಕಾಯಿ, ಈರುಳ್ಳಿ ಇಟ್ಟು ಸುತ್ತಿಕೊಟ್ಟರೆ ಸ್ಕೂಲ್ ಡಬ್ಬಿ ಖಾಲಿಯಾಗೇ ಬರುತ್ತೆ. ಬಿಸಿ ಹಾಲಿರೋ ಸೂಪಿಗೆ ಮಾತ್ರ ಟಬಾಸ್ಕೊ ಸುರಿಯಬೇಡಿ, ಹುಳಿಗೆ ಹಾಲು ಒಡೆಯುತ್ತೆ.

ಸಂಜೆಗೆ ಹಣ್ಣು. ಸೀಬೆ, ಅನಾನಸ್, ತೋತಾಪುರಿ ಮಾವಿನಕಾಯಿಗೆ ಉಪ್ಪು-ಖಾರ ಹಚ್ಚೋ ಬದಲು ಸಾಸ್‌ಗೆ ಒಂದಿಷ್ಟು ಜೇನುತುಪ್ಪ ಬೆರೆಸಿ ಸವರಿ. ಮಾವಿನಕಾಯಿಯಲ್ಲಿ ಹುಳಿ ಮೊದಲೇ ಇರೋದರಿಂದ ಅದಕ್ಕೆ ಶ್ರೀರಾಚಾ ಒಳ್ಳೇದು. ಸಿಹಿ ಅನಾನಸ್‌ಗೆ ಟಬಾಸ್ಕೊ.